ಹಳದಿ ಗೆರೆ

ಮೇಜು ಕುರ್ಚಿಗಳಿಗೆ ಪಾಲಿಶ್ ಹಾಕುತ್ತಲೇ ಆಯುಷ್ಯ ಕಳೆದವರಿಗೆ ಒಂದು ಚಟ ಅಂಟಿಕೊಂಡುಬಿಡುತ್ತದೆ. ಎಲ್ಲಿ ಕೈಯಿಟ್ಟರೂ ಹೆಬ್ಬೆರಳು ತಾನಾಗಿಯೇ ತರಿಯನ್ನು ಹುಡುಕುತ್ತದೆ. ಬಾಗಿಲ ಅಂಚು, ಊರುಗೋಲಿನ ಹಿಡಿ, ಕೊನೆಗೆ ಮಗ ಮಲಗಿದ್ದ ಆಸ್ಪತ್ರೆಯ ಮಂಚದ ಪಟ್ಟಿ, ಯಾವುದನ್ನೂ ಪಾಲಿಶ್ ಯಜಮಾನರ ಬೆರಳು ಬಿಟ್ಟಿರಲಿಲ್ಲ. ಆ ಚಟವೇ ಇಂದು ಅವರ ಕುತ್ತಿಗೆಗೆ ಬಂದಿತ್ತು.

ವಾಹನ ನೋಂದಣಿ ಕಚೇರಿಯ ಹಿಂದಿನ ಅಂಗಳದಲ್ಲಿ ಮಗನ ಮೋಟಾರ್ ಸೈಕಲ್ ನಿಂತಿತ್ತು. ಮಗ ಹುಟ್ಟುವುದಕ್ಕೂ ಎಷ್ಟೋ ಮೊದಲು ಪರದೇಶದಲ್ಲಿ ತಯಾರಾದ ಗಾಡಿ. ಮರದ ಪೆಟ್ಟಿಗೆಯಲ್ಲಿ, ಹಡಗಿನ ಮೇಲೆ, ಮೈಯೆಲ್ಲ ತುಕ್ಕು ಹಿಡಿದು ಬಂದದ್ದನ್ನು ಅವನು ಬಿಡಿಬಿಡಿಯಾಗಿ ಬಿಚ್ಚಿ, ತೊಳೆದು, ಮತ್ತೆ ಕೂಡಿಸಿದ್ದ. ಒಂದೊಂದು ನಟ್ಟು ಬಿಗಿ ಮಾಡಿದಾಗಲೂ ನಟ್ಟಿನ ಮೇಲಿಂದ ಗಾಡಿಯ ಮೈವರೆಗೆ ಸಣ್ಣ ಕುಂಚದಿಂದ ಹಳದಿ ಗೆರೆ ಎಳೆಯುತ್ತಿದ್ದ. ನಟ್ಟು ಕೂದಲೆಳೆಯಷ್ಟು ಸಡಿಲವಾದರೂ ಗೆರೆ ತಪ್ಪುತ್ತದೆ, ಕಣ್ಣಿಗೆ ಬೀಳುತ್ತದೆ. ಕೊನೆಯ ಗೆರೆ ಎಳೆದ ಮೇಲೆ ಹಾಸಿಗೆ ಹಿಡಿದವನು ಮತ್ತೆ ಏಳಲಿಲ್ಲ.

"ಅಪ್ಪಾ, ಇದು ಒಂದ್ಸಲ ರಸ್ತೆ ಮೇಲೆ ಓಡ್ಬೇಕು. ನಾನಿಲ್ಲದಿದ್ರೂ ಸರಿ," ಎಂದಿದ್ದ. ಯಜಮಾನರು ದೇವರ ಮೇಲೆ ಆಣೆಯಿಟ್ಟು ಮಾತು ಕೊಟ್ಟಿದ್ದರು.

ಹೊರದೇಶದ ಹಳೆಯ ಗಾಡಿಗೆ ಕೊಟ್ಟಿದ್ದ ತಾತ್ಕಾಲಿಕ ಪರವಾನಗಿ ಆ ಸಂಜೆಗೆ ಮುಗಿಯುತ್ತಿತ್ತು. ಅಷ್ಟರೊಳಗೆ ನೋಂದಣಿಯಾಗದಿದ್ದರೆ ಗಾಡಿ ಗುಜರಿಯ ಪಾಲು. ಗುಜರಿಯ ಯಂತ್ರ ಗೋಡೆಯಾಚೆಗೇ ಇತ್ತು. ಯಾವುದೋ ಕಾರನ್ನು ಅಗಿಯುತ್ತಿದ್ದ ಸದ್ದು ಕೇಳಿದಾಗಲೆಲ್ಲ ಯಜಮಾನರು ಗಾಡಿಯ ಸೀಟಿನ ಮೇಲೆ ಕೈಯಿಡುತ್ತಿದ್ದರು.

ಸೊಸೆ ಎಲ್ಲವನ್ನೂ ಸರಿಮಾಡಿಸಿದ್ದಳು. ರಸ್ತೆಯ ತಪ್ಪು ಬದಿಗೆ ಬೆಳಕು ಚೆಲ್ಲುತ್ತಿದ್ದ ದೀಪದ ಗಾಜು ಬದಲಾಗಿತ್ತು. ಮೈಲಿ ತೋರಿಸುತ್ತಿದ್ದ ಮೀಟರು ಈಗ ಕಿಲೋಮೀಟರ್ ತೋರಿಸುತ್ತಿತ್ತು. ಹಳದಿ ಗೆರೆಯಿದ್ದ ಯಾವ ನಟ್ಟಿಗೂ ಪಾನಾ ತಾಗಕೂಡದು ಎಂದು ಮಾವ ಹಟ ಹಿಡಿದಿದ್ದರು. ಅದನ್ನೂ ಅವಳು ನಡೆಸಿಕೊಟ್ಟಿದ್ದಳು. ಇನ್ನು ಉಳಿದದ್ದು ಚಾಸಿಯ ನಂಬರೊಂದೇ.

ಇನ್ಸ್‌ಪೆಕ್ಟರು ಹ್ಯಾಂಡಲ್ ಕೆಳಗಿನ ಗಾಡಿಯ ಕತ್ತಿನ ಮೇಲೆ ತೆಳು ಕಾಗದವಿಟ್ಟು ಪೆನ್ಸಿಲ್ಲಿನಿಂದ ಉಜ್ಜಿದರು. ಕಬ್ಬಿಣದಲ್ಲಿ ಕೊರೆದ ಅಂಕಿಗಳು ಕಾಗದದ ಮೇಲೆ ಮೂಡಬೇಕು. ಕಾಗದ ಕಪ್ಪಾಯಿತೇ ಹೊರತು ಒಂದು ಅಂಕಿಯೂ ಮೂಡಲಿಲ್ಲ. ಬೇರೆ ಕಾಗದವಿಟ್ಟು ಉಜ್ಜಿದರು. ಅದೂ ಹಾಗೆಯೇ.

"ಇದೇನ್ರೀ ಇದು, ಕನ್ನಡಿ ಇದ್ದಂಗಿದೆ?"

ಯಜಮಾನರ ಹೆಬ್ಬೆರಳು ಆ ಜಾಗವನ್ನು ಸವರಿ ನಿಂತಿತು. ಮಗ ಹೋದ ಮೇಲೆ ದಿನವೂ ಪ್ರಾರ್ಥನೆ ಮುಗಿಸಿ ಅವರು ಗಾಡಿಯ ಬಳಿ ಕೂರುತ್ತಿದ್ದರು. ಹಳದಿ ಗೆರೆಗಳನ್ನು ತಪ್ಪಿಸಿ ಉಳಿದ ಮೈಯನ್ನೆಲ್ಲ ಉಜ್ಜುತ್ತಿದ್ದರು. ಒಂದು ದಿನ ಕತ್ತಿನ ಬಳಿ ಬೆರಳಿಗೆ ತರಿ ಹತ್ತಿತ್ತು. ತುಕ್ಕು ತಿಂದ ಜಾಗವೆಂದು ತಿಳಿದು, ಮರ ಉಜ್ಜುವ ಉಪ್ಪು ಕಾಗದ ಹಿಡಿದು ನುಣ್ಣಗಾಗುವವರೆಗೆ ತಿಕ್ಕಿ, ಕಪ್ಪು ಬಣ್ಣ ಬಳಿದಿದ್ದರು. ಮಗನ ಹಣೆ ನೇವರಿಸಿದಂತಾಗಿತ್ತು ಅವರಿಗೆ.

"ನಾನೇ... ನಾನೇ ಉಜ್ಜಿದ್ದು ಸ್ವಾಮೀ. ತರಿತರಿಯಾಗಿತ್ತು, ಅದಕ್ಕೆ..."

ಹಿಂದಿನ ಸಾಲಿನಲ್ಲಿದ್ದ ಲಾರಿ ಡ್ರೈವರ್ ಕಿಸಕ್ಕನೆ ನಕ್ಕ. "ಮುಖ ತೊಳೆಯೋಕೆ ಹೋಗಿ ಮೂಗೇ ಉಜ್ಜಿ ತೆಗೆದುಬಿಟ್ರಲ್ಲ ಯಜಮಾನ್ರೇ!"

ಇನ್ಸ್‌ಪೆಕ್ಟರು ನಗಲಿಲ್ಲ. "ನಂಬರ್ ಉಜ್ಜಿ ತೆಗೆದಿದ್ದಾರೆ ಅಂದ್ರೆ ನಮ್ಮ ಕಚೇರೀಲಿ ಒಂದೇ ಅರ್ಥ. ಕದ್ದ ಮಾಲು."

"ನನ್ನ ಮಗ ಕಳ್ಳ ಅಲ್ಲ ಸ್ವಾಮೀ!"

"ನಾನೆಲ್ಲಿ ಅಂದೆ? ಆದ್ರೆ ಕಾಣದ ನಂಬರನ್ನ ಕಂಡೆ ಅಂತ ಬರೆಯೋಕಾಗಲ್ಲ. ಬಾಗಿಲು ಹಾಕೋವರೆಗೂ ಇರ್ತೀನಿ. ಏನಾದ್ರೂ ತೋರಿಸಿ, ಬರ್ಕೋತೀನಿ. ಇಲ್ಲಾಂದ್ರೆ ಗಾಡಿ ಆಚೆ ಕಡೆಗೆ." ಅವರು ಗೋಡೆಯತ್ತ ಗಲ್ಲ ಎತ್ತಿ ತೋರಿಸಿ, ಮುಂದಿನ ಗಾಡಿಗೆ ಹೋದರು.

ಯಜಮಾನರು ಮೊಣಕಾಲೂರಿ ಕುಳಿತರು. ಡ್ರೈವರ್ ಒಂದು ಡಬ್ಬಿಯಲ್ಲಿ ಥಿನ್ನರ್ ತಂದುಕೊಟ್ಟ. ಈ ಸಲ ನಗಲಿಲ್ಲ. ಯಜಮಾನರು ಬಟ್ಟೆ ಅದ್ದಿ ಬಣ್ಣ ಒರೆಸಿದರು. ಬರಿ ಕಬ್ಬಿಣ ಹೊರಬಂತು. ಮೊದಲ ಎರಡು ಅಂಕಿಗಳ ನೆರಳು ಮಾತ್ರ ಅಲ್ಲಿತ್ತು. ಉಳಿದದ್ದೆಲ್ಲ ನುಣುಪು. ಬದುಕಿನುದ್ದಕ್ಕೂ ಜನ ಕೊಂಡಾಡಿದ ನುಣುಪು.

ಅವರು ಕಣ್ಣು ಮುಚ್ಚಿದರು. "ದೇವರೇ, ಈ ಕೈಗಳನ್ನು ಕೊಟ್ಟವನು ನೀನು. ಆ ಹೊತ್ತಿನಲ್ಲಿ ಈ ಕೈಯನ್ನು ಹಿಡಿದು ನಿಲ್ಲಿಸಬಾರದಿತ್ತೇ, ತಂದೆ?" ಗೋಡೆಯಾಚೆ ತಗಡು ನಜ್ಜಾದ ಸದ್ದು ಬಂತು.

"ಮಾವ," ಎಂದಳು ಸೊಸೆ. ಅವಳ ಕಣ್ಣು ಹ್ಯಾಂಡಲ್ ಮೇಲಿತ್ತು. "ಇನ್ನೊಂದು ಕಡೆ ಇದೆ."

"ಏನು?"

"ಅದೇ ನಂಬರು. ಕಾರ್ಖಾನೆಯವರು ಕತ್ತಿನ ಒಳಗಡೇನೂ ಹೊಡೆದಿದ್ದಾರೆ. ನಿಮ್ಮ ಮಗ ಗಾಡಿ ಕೂಡಿಸ್ತಿದ್ದಾಗ ನಾನೇ ಟಾರ್ಚ್ ಹಿಡಿದಿದ್ದೆ, ಆಗ ತೋರಿಸಿದ್ರು. ಹ್ಯಾಂಡಲ್ ಮಧ್ಯದ ನಟ್ಟು ಬಿಚ್ಚಿ ಅದರಡಿಯ ಕಬ್ಬಿಣದ ತಟ್ಟೆ ಎತ್ತಿದ್ರೆ ಕಾಣುತ್ತೆ."

ಯಜಮಾನರು ಹ್ಯಾಂಡಲ್ ನೋಡಿದರು. ಎಲ್ಲಕ್ಕಿಂತ ದೊಡ್ಡ ನಟ್ಟು ಅದು. ಅದರ ಮೇಲಿನ ಹಳದಿ ಗೆರೆ ಕೊಂಚ ಸೊಟ್ಟಗಿತ್ತು. ಅದೇ ಕೊನೆಯ ಗೆರೆ. ಅದನ್ನೆಳೆಯುವಾಗ ಮಗನ ಕೈ ಆಗಲೇ ನಡುಗುತ್ತಿತ್ತು.

"ಬೇಡಮ್ಮ."

"ಮಾವ..."

"ಅವನು ಬಿಗಿ ಮಾಡಿದ್ದು ತಾಯೀ. ಇನ್ನೇನು ಉಳಿದಿದೆ ನನಗೆ ಅವನದು?"

"ನನಗೇನು ಉಳಿದಿದೆ?" ಸೊಸೆ ದನಿ ಏರಿಸಿದಳು. "ಗೆರೆ ಉಳಿಸ್ಕೊಂಡು ಗಾಡೀನ ಗುಜರಿಗೆ ಕಳಿಸೋಣ್ವಾ? ನಜ್ಜಾದ ಮೇಲೆ ಆ ನಟ್ಟನ್ನ ಆರಿಸ್ಕೊಂಡು ಬಂದು ಪೂಜೆ ಮಾಡ್ತೀರಾ? ಮಾತು ಕೊಟ್ಟೋರು ನೀವು. ನಾನು ಬಿಚ್ಚಲ್ಲ. ನೀವೇ ಬಿಚ್ಚಿ."

ಡ್ರೈವರ್ ತನ್ನ ಲಾರಿಯಿಂದ ದೊಡ್ಡ ಪಾನಾ ತಂದು ಯಜಮಾನರ ಕೈಗಿತ್ತ. ಮರ ಹಿಡಿದ ಕೈಗೆ ಆ ಕಬ್ಬಿಣ ಭಾರವಾಯಿತು. ನಟ್ಟಿಗೆ ತೊಡಿಸಿ ತಿರುಗಿಸಿದರು. ಅಲುಗಲಿಲ್ಲ.

"ಮಗರಾಯ ಗಟ್ಟಿ ಆಸಾಮಿ," ಎಂದ ಡ್ರೈವರ್. "ಮೈಭಾರ ಹಾಕಿ ಯಜಮಾನ್ರೇ."

ದೇವರ ಹೆಸರು ಹೇಳಿ ಮೈಭಾರ ಬಿಟ್ಟರು. ಕಿರ್ರೆಂದು ನಟ್ಟು ಸಡಿಲವಾಯಿತು. ಗೆರೆ ಎರಡು ತುಂಡಾಯಿತು. ಯಜಮಾನರ ಬಾಯಿಂದ ಒಂದು ಸ್ವರ ಹೊರಟಿತು. ಆಸ್ಪತ್ರೆಯಲ್ಲಿಯೂ ಅವರು ಹಾಗೆ ಅತ್ತಿರಲಿಲ್ಲ.

ಸೊಸೆ ತಟ್ಟೆ ಎತ್ತಿದಳು. ಕತ್ತಿನ ಒಳ ಅಂಚಿನಲ್ಲಿ, ಗ್ರೀಸಿನ ಅಡಿಯಲ್ಲಿ, ಅಂಕಿಗಳಿದ್ದವು. ಯಜಮಾನರ ಬೆರಳು ಅತ್ತ ಹೋಯಿತು. "ನೀವು ಮುಟ್ಟಬೇಡಿ," ಎಂದು ಅವಳು ಅವರ ಮಣಿಕಟ್ಟು ಹಿಡಿದು, ಸೆರಗಿನ ತುದಿಯಿಂದ ತಾನೇ ಗ್ರೀಸ್ ಒತ್ತಿ ತೆಗೆದಳು.

ಬಾಗಿಲು ಹಾಕುವ ಹೊತ್ತಾಗಿತ್ತು. ಕೈಚೀಲ ಹೆಗಲಿಗೇರಿಸಿದ್ದ ಇನ್ಸ್‌ಪೆಕ್ಟರು ಅದನ್ನು ಕೆಳಗಿಟ್ಟು ಕಾಗದ ಒತ್ತಿ ಉಜ್ಜಿದರು. ಕಪ್ಪಿನ ನಡುವೆ ಒಂದೊಂದೇ ಅಂಕಿ ಬೆಳ್ಳಗೆ ಎದ್ದು ಬಂತು. ಬಂದರಿನ ಸುಂಕದವರು ಆಮದು ಪತ್ರದಲ್ಲಿ ಬರೆದಿದ್ದ ನಂಬರಿನ ಪಕ್ಕದಲ್ಲಿಟ್ಟು, ಬೆರಳಿನಿಂದ ಎಣಿಸುತ್ತಾ ಓದಿದರು.

"ಸರಿಯಿದೆ," ಎಂದರು. ಸಹಿ ಹಾಕಿ, ಮುದ್ರೆ ಒತ್ತಿ, ಮೆಲ್ಲಗೆ ಸೇರಿಸಿದರು: "ಇನ್ನು ಉಪ್ಪು ಕಾಗದಾನ ಮನೇಲೇ ಬಿಟ್ಟು ಬನ್ನಿ ಯಜಮಾನ್ರೇ."

ಮಾವ ಸೊಸೆ ಸೇರಿ ತಟ್ಟೆ ಕೂರಿಸಿ ನಟ್ಟು ಬಿಗಿದರು. ಸೊಸೆ ಪಾನಾ ತೆಗೆದಾಗ ಹಳದಿಯ ಎರಡು ತುಂಡುಗಳ ನಡುವೆ ಉಗುರಿನಗಲದ ಸಂದು ಉಳಿದಿತ್ತು.

"ಸೇರಲಿಲ್ವಲ್ಲಮ್ಮ. ಇನ್ನೊಂದು ಚೂರು..."

"ಇನ್ನು ತಿರುಗಿಸಿದ್ರೆ ಮುರಿದು ಹೋಗುತ್ತೆ. ಸೇರಲ್ಲ ಮಾವ."

ಅವಳು ಗಾಡಿ ಏರಿ ಕಿಕ್ ಒದ್ದಳು. ಎರಡು ಸಲ ಕೆಮ್ಮಿ ಎಂಜಿನ್ ಚಾಲೂ ಆಯಿತು. ಹಿಂದೆ ಕೂರುವ ಮೊದಲು ಯಜಮಾನರ ಹೆಬ್ಬೆರಳು ಆ ಸಂದಿನ ಮೇಲೆ ಹರಿಯಿತು. ಒಡೆದ ಬಣ್ಣದ ಅಂಚು ತರಿಯಾಗಿತ್ತು. ಇನ್ನೊಂದು ಕೈ ತಾನಾಗಿಯೇ ಜೇಬಿಗೆ ಇಳಿದು, ಅಲ್ಲಿದ್ದ ಉಪ್ಪು ಕಾಗದದ ಚೂರನ್ನು ಮುಟ್ಟಿತು.

ಯಜಮಾನರು ಬರಿಗೈಯನ್ನು ಹೊರಗೆಳೆದುಕೊಂಡು ಸೊಸೆಯ ಹೆಗಲು ಹಿಡಿದು ಕುಳಿತರು.

"ನಡಿ ತಾಯೀ," ಎಂದರು.