ಕೊಂಡಿ ಹಾಕಿದ ಮಜ್ಜಿಗೆ

ಭೋಸರಿಯ ಕಾರ್ಖಾನೆಗಳಲ್ಲಿ ತಣ್ಣಗಿನ ಕೆಲಸಕ್ಕೆ ನನ್ನಂಥ ಗುರು ಹುಟ್ಟಿಲ್ಲ, ಹುಟ್ಟುವುದೂ ಇಲ್ಲ. ಹಿತ್ತಾಳೆಯ ಬುಷ್ಷನ್ನು, ಅಂದರೆ ದಪ್ಪ ಬಳೆಯಂಥ ಕೊಳವೆಯನ್ನು, ಡ್ರೈ ಐಸಿನಲ್ಲಿ ಹೂತಿಟ್ಟರೆ ಅದು ಕುಗ್ಗುತ್ತದೆ. ಕುಗ್ಗಿದ್ದನ್ನು ಯಂತ್ರದ ತೂತಿಗೆ ಇಳಿಬಿಟ್ಟರೆ, ಕಾವು ಏರಿದಂತೆ ಹಿಗ್ಗಿ, ಆನೆ ಕಟ್ಟಿ ಎಳೆದರೂ ಬಾರದ ಹಾಗೆ ಕೂರುತ್ತದೆ. ಬೇರೆಯವರು ಗಡಿಯಾರ ನೋಡಿ ಬುಷ್ಷು ತೆಗೆಯುತ್ತಿದ್ದರು. ನಾನು ಇಪ್ಪತ್ತು ಮಾರು ದೂರದಿಂದ ಮೂಗಿನಲ್ಲೇ ಹದ ಹಿಡಿದು "ಆತು, ಎತ್ರಲೇ" ಅನ್ನುತ್ತಿದ್ದೆ. ಪಕ್ಕದ ದೊಡ್ಡ ಕಾರ್ಖಾನೆಯವರು ದ್ರವ ಸಾರಜನಕ ತರಿಸಿದಾಗ ಮೊದಲು ಕರೆದದ್ದು ಈ ಹುಸೇನಪ್ಪನನ್ನೇ. ಅದರಲ್ಲಿ ಒಂದು ಜೋಳದ ರೊಟ್ಟಿ ಅದ್ದಿ ನೆಲಕ್ಕೆ ಒಗೆದೆ. ಗಾಜಿನ ಹಾಗೆ ಏಳುನೂರು ಚೂರಾಯಿತು. ಎಣಿಸಿದವನೂ ನಾನೇ, ಆದ್ದರಿಂದ ಲೆಕ್ಕದಲ್ಲಿ ತಪ್ಪಿಲ್ಲ.

ಇಂಥ ನನಗೂ ಒಬ್ಬ ವೈರಿ ಇದ್ದ. ನಮ್ಮ ಕಾರ್ಖಾನೆಯ ಕ್ಯಾಂಟೀನು ನಡೆಸುವ ಸಂಕಪ್ಪ ಶೆಟ್ಟಿ, ಉಡುಪಿ ಕಡೆಯವನು. ಅವನ ಸಾಂಬಾರು ಎಷ್ಟು ತೆಳುವೆಂದರೆ, ತಟ್ಟೆಯ ತಳದಲ್ಲಿ ಕೆತ್ತಿದ ಹೆಸರನ್ನು ಅದರೊಳಗಿಂದ ಸರಾಗವಾಗಿ ಓದಬಹುದಿತ್ತು. ಬಾಗಿಲಲ್ಲಿ ಬೋರ್ಡು ಬೇರೆ: ಹೊರಗಿನ ತಿನಿಸು ಒಳಗೆ ತರಬಾರದು. ಶಹಾಪುರ, ಸುರಪುರದ ಕಡೆಯಿಂದ ಬಂದ ನಮ್ಮ ಮಂದಿ ರೊಟ್ಟಿಯ ಗಂಟು ಬಿಚ್ಚಿದರೆ ಸಾಕು, "ಏಯ್, ಇದು ಹೋಟೆಲ್ ಮಾರಾಯಾ, ಛತ್ರ ಅಲ್ಲ" ಎಂದು ಎಬ್ಬಿಸುತ್ತಿದ್ದ.

ಹಾಗಾಗಿ ಎಲ್ಲರೂ ಗೇಟಿನ ಹೊರಗೆ, ನನ್ನ ಹೆಂಡತಿ ಮಾನಮ್ಮನ ಬುಟ್ಟಿಯ ಸುತ್ತ ಕೂತು ಉಣ್ಣುತ್ತಿದ್ದರು. ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಮಜ್ಜಿಗೆ. ಸಂಕಪ್ಪನಿಗೆ ಹೊಟ್ಟೆಯಲ್ಲಿ ಬೆಂಕಿ. ಕಾವಲುಗಾರನಿಗೆ ಚಾ ಕುಡಿಸಿ ಕುಡಿಸಿ ಮೂರು ಸಲ ಅವಳನ್ನು ಎಬ್ಬಿಸಿದ. ಮೂರನೆಯ ಸಲ ಬುಟ್ಟಿಯೇ ಮಗುಚಿತು. ಮಾನಮ್ಮ ಮಣ್ಣು ಹತ್ತಿದ ಒಂದೊಂದೇ ರೊಟ್ಟಿ ಆರಿಸಿ ದನಗಳಿಗೆ ಹಾಕಿ ಬಂದಳು.

ದೂರು ರಾಮಲಿಂಗಪ್ಪ ಸಾಹೇಬರ ತನಕ ಹೋಯಿತು. ಅವರು ನಮ್ಮ ಮ್ಯಾನೇಜರು, ಸೋಲಾಪುರದವರು, ಕನ್ನಡ ಮನೆಮಾತಾದರೂ ಮರಾಠಿಯವರ ಹಾಗೆ ಹೆಂಗಸರಿಗೆಲ್ಲ 'ಬಾಯಿ' ಅನ್ನುವವರು. ಸಂಕಪ್ಪನನ್ನೂ, ಮಾನಮ್ಮನ ಜೊತೆ ನನ್ನನ್ನೂ ಕರೆಸಿ ನನಗೆ ಹೇಳಿದರು:

"ಖಂಡೇನವಮಿ ದಿನಾ ಎಲ್ಲಾ ಸೆಕ್ಷನ್ನಿಗೂ ಬರ್ತೀನಿ. ಅವತ್ತು ನಿಮ್ಮ ಸೆಕ್ಷನ್ನಿನ ಪ್ರಸಾದ ಈ ಬಾಯಿನೇ ಮಾಡಲಿ. ಸ್ವಚ್ಛ ಇತ್ತಂದ್ರ ಸೈಕಲ್ ಸ್ಟ್ಯಾಂಡ್ ಬಾಜೂಕ, ಗೇಟಿನ ಒಳಗ, ನೆರಳಿನ್ಯಾಗ ಜಾಗಾ ಕೊಡ್ತೀನಿ. ಇಲ್ಲಾಂದ್ರ ಗೇಟಿನ ಆಸುಪಾಸು ಕಾಣಬಾರದು."

ಅಂದೇ ನನ್ನ ತಲೆಯಲ್ಲಿ ಭಾರತ ದೇಶ ಕಂಡರಿಯದ ಉಪಾಯವೊಂದು ಹುಟ್ಟಿತು: ಹೊಗೆಯಾಡುವ ಮಜ್ಜಿಗೆ. ಡ್ರೈ ಐಸಿನ ಚೂರು ಮಜ್ಜಿಗೆಗೆ ಬಿದ್ದರೆ ಕೊತಕೊತ ಕುದಿದಂತೆ ಗುಳ್ಳೆ, ಮೇಲೆ ಮೋಡದಂಥ ಬಿಳಿ ಹೊಗೆ. ಚೂರು ತಳದಲ್ಲಿರುವಾಗ ಕುಡಿಯಬಾರದು, ಬಾಯಿ ಸುಡುತ್ತದೆ. ಪೂರಾ ಕರಗಿ ಹೊಗೆ ನಿಂತ ಮೇಲೆ ಕುಡಿದರೆ ಹಲ್ಲು ಜುಮ್ಮೆನ್ನುವಷ್ಟು ತಣ್ಣಗೆ. ಹಬ್ಬದ ಹಿಂದಿನ ರಾತ್ರಿ ಮಾನಮ್ಮನಿಗೆ ಹೇಳಿದೆ.

"ನನ್ನ ಮಜ್ಜಿಗಿಗಿ ಹೊಗಿ ಯಾಕ ಬೇಕ್ರಿ? ಅದೇನು ತಳ ಹತ್ಯಾದೇನು?"

"ನಿನಗ ತಿಳಿಯಂಗಿಲ್ಲ. ಸಾಹೇಬ್ರು ಕಣ್ಣು ಬಿಟ್ಟು ನೋಡ್ತಾರ. ಶೆಟ್ಟಿ ಅವತ್ತೇ ಊರು ಬಿಡ್ತಾನ."

"ಕ್ಯಾನಿನ್ಯಾಗ ಏನರ ಹಾಕ್ಕೊಳ್ರಿ. ಗಡಿಗ್ಯಾಗಿನದ ಮುಟ್ಟಿದ್ರ ಕೈ ಮುರೀತೀನಿ." ಒಂದೇ ಮೊಸರನ್ನು ಕಡೆದು ಅರ್ಧ ಹಾಲಿನ ಕ್ಯಾನಿಗೆ, ಅರ್ಧ ಮಣ್ಣಿನ ಗಡಿಗೆಗೆ ಸುರಿದಿದ್ದಳು.

ಆಯುಧಪೂಜೆಯ ಖಂಡೇನವಮಿ ಬಂತು. ಯಂತ್ರಗಳಿಗೆಲ್ಲ ಚೆಂಡುಹೂವಿನ ಹಾರ, ಅರಿಶಿನ ಕುಂಕುಮ. ದೊಡ್ಡ ಡ್ರಿಲ್ಲಿಂಗ್ ಮಷೀನಿನ ಮುಂದೆ ನೈವೇದ್ಯಕ್ಕೆ ಕ್ಯಾನು ಇಟ್ಟು, ಇಕ್ಕಳದಲ್ಲಿ ಡ್ರೈ ಐಸಿನ ದೊಡ್ಡ ದೊಡ್ಡ ಚೂರು ಇಳಿಬಿಟ್ಟೆ. ಹೊಗೆ ಕ್ಯಾನಿನ ಬಾಯಿಯಿಂದ ಉಕ್ಕಿ, ನೆಲದ ಮೇಲೆ ಹರಿದು, ನೆರೆದವರ ಮೊಳಕಾಲು ಮುಚ್ಚಿತು. ಹತ್ತು ಸಾವಿರ ಜನ ಸೇರಿದ್ದರು. ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವರು ಇನ್ನೂರೇ, ಅದು ಬೇರೆ ಮಾತು.

ಸಂಕಪ್ಪ ಕೇಸರಿಬಾತಿನ ಪರಾತ ಹಿಡಿದು ಬಂದ. ಅದರ ಮೇಲೆ ಬಾಳೆಲೆ ಮುಚ್ಚಿತ್ತು.

"ಎಂತ ಹುಸೇನಪ್ಪ, ಮಜ್ಜಿಗೆಗೆ ಬೆಂಕಿ ಬಿದ್ದದ್ದಾ?"

"ಶೆಟ್ರ, ನಿಮಗ ಬೆಂಕಿ ಬಿದ್ದಂಗ ಕಾಣ್ತದ್ರಿ. ಮಾರಿ ಕೆಂಪಗ ಆಗ್ಯಾದ."

"ಅದೆಲ್ಲ ಬಿಡು. ನೈವೇದ್ಯವನ್ನು ಹೀಗೆ ಬಾಯಿ ತೆರೆದು ಇಡುದಾ? ದೇವರಿಗಿಂತ ಮೊದಲು ಊರವರೆಲ್ಲ ನೋಡಿ ಆಯ್ತಲ್ಲ. ನಿಮ್ಮ ಕಡೆ ದೇವರು ಉಂಟಾ, ಅಲ್ಲ ಬರೀ ಕಲ್ಲಾ?"

"ನಮ್ಮ ಕಡೆ ದೇವರು ಅದಾನ್ರಿ. ನಿಮ್ಮ ಸಾಂಬಾರು ಎಡಿ ಹಿಡಿದ್ರ ಮಾತ್ರ ಗುಡಿ ಬಿಟ್ಟು ಓಡ್ತಾನ."

ಎಲ್ಲರೂ ಬಿದ್ದು ಬಿದ್ದು ನಕ್ಕರು. ಆದರೆ ನನ್ನ ಜೊತೆ ಕೆಲಸ ಮಾಡುವ ಕಾಶಪ್ಪ ಹಿಂದಿನಿಂದ, "ಅವ ಅನ್ನೋದು ಖರೆ ಅದ ಬಿಡು. ಎಡಿ ಮುಚ್ಚೇ ಇಡಬೇಕು. ಮಂದಿ ಕಣ್ಣು ಬೀಳ್ತದ" ಎಂದು ಗೊಣಗಿದ. ನಾಲ್ಕು ಜನ ಹೌದೆಂದು ತಲೆಯಾಡಿಸಿದರು. ಸಂಕಪ್ಪ ಹಲ್ಲು ಕಿರಿದ. ಆ ಹಲ್ಲು ನೋಡಿದ್ದೇ ನನ್ನ ನೆತ್ತಿಗೆ ರಕ್ತ ಏರಿತು. ಮುಚ್ಚಳ ಎತ್ತಿ ಧಡ್ಡನೆ ಕ್ಯಾನಿನ ಮೇಲೆ ಬಡಿದು ಕೊಂಡಿಯನ್ನೂ ಹಾಕಿಬಿಟ್ಟೆ. "ಆತೇನ್ರಿ ಶೆಟ್ರ? ಈಗ ನಿಮ್ಮ ಕಣ್ಣೂ ಬೀಳಂಗಿಲ್ಲ!"

ಮಾನಮ್ಮ ನನ್ನ ಅಂಗಿ ಜಗ್ಗಿದಳು. "ಅದರ ಬಾಯಿ ಬಿಗೀಬಾರದು ಅಂತ ನೀವೇ ಅಂತಿದ್ರೆಲ್ಲ?"

ಅನ್ನುತ್ತಿದ್ದೆ. ಆರು ವರ್ಷದಿಂದ ಹದಿನೆಂಟು ಫಿಟ್ಟರುಗಳಿಗೆ ಕಿವಿ ಹಿಂಡಿ ಕಲಿಸಿದ ಮೊದಲ ಪಾಠವೇ ಅದು. ಡ್ರೈ ಐಸು ನೀರಾಗುವುದಿಲ್ಲ, ಗಾಳಿಯಾಗುತ್ತದೆ. ಗಾಳಿಗೆ ದಾರಿ ಬೇಕು. ನಮ್ಮ ಡ್ರೈ ಐಸಿನ ಪೆಟ್ಟಿಗೆಯ ಮೇಲೆ ಹಾಗೆಂದು ಬಣ್ಣದಲ್ಲಿ ಬರೆದವನೂ ನಾನೇ.

"ಸುಮ್ಕಿರು. ಸಾಹೇಬ್ರು ಬಂದೇಬಿಟ್ರು. ಎರಡು ಮಿನಿಟಿನ ಮಾತು."

ಸಾಹೇಬರು ಬಂದರು. ಆದರೆ ಒಂದೊಂದು ಯಂತ್ರದ ಮುಂದೆಯೂ ನಿಂತು ಫೋಟೋ ತೆಗೆಸಿಕೊಂಡರು. ನಮ್ಮ ಮಷೀನಿನ ಮುಂದೆ ಭಟ್ಟರು ಆರತಿ ಎತ್ತಿದಾಗ ಕ್ಯಾನು 'ಟಿಣ್' ಅಂದಿತು. ಅದರ ಚಪ್ಪಟೆ ತಳ ಉಬ್ಬಿ, ಕ್ಯಾನು ಬಸುರಿಯ ಹಾಗೆ ಒಂದು ಕಡೆ ವಾಲಿತು. "ಹಿಂದ ಸರೀರಿ!" ಎಂದು ಕೂಗಿ ನಾನು ಹುಲಿಯ ಹಾಗೆ ಜಿಗಿದೆ. ಹಿಂದಕ್ಕೆ.

ಆ ಸದ್ದು ಊರಿನ ಇನ್ನೊಂದು ತುದಿಯ ಧನಕವಡಿಯ ತನಕ ಕೇಳಿಸಿತಂತೆ. ಕೊಂಡಿ ಮುರಿದು ಮುಚ್ಚಳ ಮಾಡಿನ ತಗಡು ಸೀಳಿ ಆಕಾಶಕ್ಕೆ ಹೋಯಿತು. ಪುಣ್ಯಕ್ಕೆ ಯಾರಿಗೂ ಗಾಯವಾಗಲಿಲ್ಲ. ಆದರೆ ಅಷ್ಟೂ ಮಜ್ಜಿಗೆ ಸಾಹೇಬರ ಸಫಾರಿ ಸೂಟಿನ ಮೇಲೆ. ಸಂಕಪ್ಪನ ಬೋಳುತಲೆಯ ಮೇಲೆ ಒಂದು ಕರಿಬೇವಿನ ಎಲೆ, ಯಾರೋ ಅಳತೆ ನೋಡಿ ಅಂಟಿಸಿದ ಹಾಗೆ.

ಮೊದಲು ಬಾಯಿ ಬಿಟ್ಟವನು ಅವನೇ.

"ನೋಡಿದ್ರಾ ಸರ್! ಕೊಳೆತ ಮಜ್ಜಿಗೆ! ಹುಳಿ ಬಂದು, ಗ್ಯಾಸ್ ಆಗಿ ಒಡೆದದ್ದು. ಈ ಹೆಂಗಸು ಇದನ್ನೇ ದಿನಾ ನಿಮ್ಮ ಕೆಲಸದವರಿಗೆ ಕುಡಿಸುದು. ನಾನು ಎಷ್ಟು ಸಲ ಹೇಳಿದೆ!"

ಸಾಹೇಬರು ಕನ್ನಡಕ ತೆಗೆದು ಒರೆಸಿದರು. "ಏನ್ರೀ ಬಾಯಿ, ಮಜ್ಜಿಗಿ ಕೆಟ್ಟಿತ್ತೇನು?"

ಮಾನಮ್ಮ ನನ್ನ ಮುಖ ನೋಡಿದಳು. ನಾನು ಒಂದೇ ಮಾತು ಹೇಳಬೇಕಿತ್ತು. ಆದರೆ ನನ್ನ ಹದಿನೆಂಟು ಶಿಷ್ಯರು ಸಾಲಾಗಿ ನಿಂತಿದ್ದರು. ತಣ್ಣಗಿನ ಕೆಲಸದ ಗುರುವೇ ಮೊದಲ ಪಾಠ ಮರೆತ ಅನ್ನುವುದು ಹೇಗೆ?

"ಮಜ್ಜಿಗಿ ಕೆಟ್ಟಿದ್ದಿಲ್ರಿ ಸಾಹೇಬ್ರ. ಅದರಾಗ ನಾ ಡ್ರೈ ಐಸ್ ಹಾಕಿದ್ದೆ. ಬಾಯಿ ತೆರದೇ ಇಟ್ಟಿದ್ದೆ. ಈ ಶೆಟ್ರು ಬಂದು ಎಡಿ ಮುಚ್ಚಬೇಕು ಅಂತ ಕೊಂಡಿ ಹಾಕಿದ್ರು. ನಾ ಬ್ಯಾಡ ಬ್ಯಾಡ ಅಂದೆ."

"ಹೌದ್ರಿ, ಅವ್ರೇ ಹಾಕಿದ್ದು" ಎಂದ ಕಾಶಪ್ಪ. ಉಳಿದವರೂ ಹೌದ್ರಿ ಹೌದ್ರಿ ಅಂದರು. ಕ್ಯಾಂಟೀನಿನಿಂದ ಎಬ್ಬಿಸಿಕೊಂಡವರು ಯಾರೂ ಮರೆತಿರಲಿಲ್ಲ.

ಸಂಕಪ್ಪನ ಮುಖ ಮಜ್ಜಿಗೆಗಿಂತ ಬೆಳ್ಳಗಾಯಿತು. "ದೇವರಾಣೆ ಸರ್, ನಾನು ಮುಟ್ಟಲೂ ಇಲ್ಲ!"

"ಇದು ಖರೆ ಆದ್ರ ನಿನ್ನ ಕ್ಯಾಂಟೀನು ಇವತ್ತೇ ಬಂದ್" ಎಂದು ಸಾಹೇಬರು ಮಾನಮ್ಮನ ಕಡೆ ತಿರುಗಿದರು. "ನೀವು ಅಲ್ಲೇ ಇದ್ರಿ. ಕೊಂಡಿ ಯಾರು ಹಾಕಿದ್ದು? ಹೆಸರು ಹೇಳ್ರಿ."

ನಾನು ಅವಳಿಗೆ ಕಣ್ಣು ಹೊಡೆದೆ. ಅವಳು ಒಂದು ಸಲ ಸಂಕಪ್ಪನ ಕಡೆ ಬೆರಳು ತೋರಿಸಿದ್ದರೆ ಸಾಕಿತ್ತು. ಮಗುಚಿದ ಬುಟ್ಟಿಗೆ ಅಲ್ಲೇ ಉತ್ತರ ಸಿಗುತ್ತಿತ್ತು.

"ಹುಸೇನಪ್ಪ" ಅಂದಳು.

ಮದುವೆಯಾಗಿ ಹದಿನೇಳು ವರ್ಷ, ಆ ಬಾಯಿಂದ ನನ್ನ ಹೆಸರು ಬಂದಿರಲಿಲ್ಲ. ರೇಷನ್ ಕಾರ್ಡಿನವರು ಗಂಡನ ಹೆಸರು ಕೇಳಿದಾಗ ಪಕ್ಕದ ಮನೆಯ ಯಂಕವ್ವನನ್ನು ಕರೆದು ಹೇಳಿಸಿದವಳು. ಹೆಸರು ಹೇಳಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಂಬಿದವಳು. ಅವತ್ತು ಎಷ್ಟು ಜೋರಾಗಿ ಹೇಳಿದಳೆಂದರೆ ನನ್ನ ಆಯುಷ್ಯದಲ್ಲಿ ನಲವತ್ತು ವರ್ಷವಾದರೂ ಉದುರಿರಬೇಕು.

"ಹುಸೇನಪ್ಪ ಹಾಕ್ಯಾನ್ರಿ. ಹಾಕಬಾರದು ಅಂತ ಗೊತ್ತಿದ್ದೇ ಹಾಕ್ಯಾನ. ಈ ಶೆಟ್ಟಿ ನನ್ನ ಬುಟ್ಟಿ ಚೆಲ್ಲಿಸ್ಯಾನ. ಇವನ ಕ್ಯಾಂಟೀನು ಮುಚ್ಚಿದ್ರ ನಾ ಸಕ್ಕರಿ ಹಂಚ್ತೀನಿ. ಆದ್ರ ಕೊಂಡಿ ಹಾಕಿದವ ನನ್ನ ಗಂಡ." ಗಡಿಗೆಯಿಂದ ಒಂದು ಲೋಟ ತುಂಬಿ ತಾನು ಗಟಗಟ ಕುಡಿದಳು. ಇನ್ನೊಂದು ಲೋಟ ಸಾಹೇಬರ ಮುಂದೆ ಹಿಡಿದಳು. "ಅದೇ ಮೊಸರಿಂದು. ಕುಡೀರಿ. ಕೆಟ್ಟದೇನು, ನೀವೇ ಹೇಳ್ರಿ."

ಸಾಹೇಬರು ಕುಡಿದರು. ಮತ್ತೊಂದು ಲೋಟ ಕೇಳಿದರು. ತೋಯ್ದ ಸಫಾರಿಯಲ್ಲೇ ಹೋಗಿ ಸೈಕಲ್ ಸ್ಟ್ಯಾಂಡಿನ ಪಕ್ಕದ ಜಾಗ ತೋರಿಸಿದರು. ನನ್ನ ಡ್ರೈ ಐಸಿನ ಪೆಟ್ಟಿಗೆಯ ಕೀಲಿ ಕಾಶಪ್ಪನ ಕೈಗೆ ಹೋಯಿತು. ನನ್ನ ಮೇಲೆ ಅವರಿಗೆ ಇನ್ನೂ ದೊಡ್ಡ ಭರವಸೆ. ಇಡೀ ಕಾರ್ಖಾನೆಯ ನೆಲವನ್ನೇ ನನಗೆ ಒಪ್ಪಿಸಿ ಕೈಗೆ ಕಸಬರಿಗೆ ಕೊಟ್ಟರು.

ಮರುದಿನವೇ ಅಲ್ಲ, ದಸರೆಯ ರಜೆ ಮುಗಿದ ಮೇಲೆ ಸಂಕಪ್ಪ ಅವಳ ಜಾಗಕ್ಕೆ ಬಂದು ಕೈ ಹೊಸೆಯುತ್ತ ನಿಂತ. "ಮಾನಮ್ಮಕ್ಕ, ಅವತ್ತು ನೀವು ಹೇಳದಿದ್ದರೆ..."

"ನಿನ್ನ ಸಲುವಾಗಿ ಹೇಳಿಲ್ಲ. ನನ್ನ ಮಜ್ಜಿಗಿ ಕೊಳತದ ಅಂದಿಯಲ್ಲ, ಅದಕ್ಕ ಹೇಳೀನಿ. ಸರಿ ಆಕಡಿ. ಉಣ್ಣೋ ಮಂದಿಗಿ ನೆರಳು ಬಿಡು."

ಅವನು ಸರಿದ. ಸಂಜೆಯೊಳಗೆ ಕ್ಯಾಂಟೀನಿನ ಬೋರ್ಡಿಗೆ ಹೊಸ ಬಣ್ಣ ಬಿತ್ತು, ಅಕ್ಷರಗಳು ಎರಡರಷ್ಟು ದೊಡ್ಡವಾದವು.

ಅವಳ ಮಾತಿನಿಂದ ಶೆಟ್ಟಿಗೆ ಬಿದ್ದ ಏಟು ನೋಡಿ ಆ ಮಧ್ಯಾಹ್ನವೇ ನನಗೆ ಹುರುಪು ಬಂದಿತ್ತು. ಕಸಬರಿಗೆ ಗೋಡೆಗೆ ಒರಗಿಸಿ, ಗಂಡನೆಂಬ ಅಧಿಕಾರದಲ್ಲಿ ಸಾಲು ದಾಟಿ ನೇರ ಬುಟ್ಟಿಯ ಮುಂದೆ ಹೋಗಿ ಕೈ ಚಾಚಿದೆ.

ಅವಳು ತಲೆ ಎತ್ತಲಿಲ್ಲ. "ಹುಸೇನಪ್ಪ, ಹಿಂದ ಹೋಗಿ ನಿಂದ್ರು."

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ಕ್ಯಾಂಟೀನಿನ ಬಾಗಿಲಲ್ಲಿ ನಿಂತಿದ್ದವನು ನಕ್ಕ. ನಾನು ಹೋಗಿ ಸಾಲಿನ ಕೊನೆಗೆ ನಿಂತೆ. ನನ್ನ ಮುಂದೆ ನಾಲ್ಕು ಸಾವಿರ ಜನ ಇದ್ದರು.