ನಲವತ್ತಮೂರನೆಯ ಪುಟ

ಗೋಂದು ಎಂಬುವಳು ಪುಸ್ತಕದ ಬೆನ್ನಿಗೆ ಒದ್ದೆ ಬಟ್ಟೆ ಒತ್ತಿ, ಹಳೆಯ ಅಂಟು ನೆನೆಯುವವರೆಗೆ ಕಾದು, ಮೊಂಡು ಚಾಕುವಿನಿಂದ ಮೆಲ್ಲಗೆ ಕೆರೆಯುತ್ತಿದ್ದಳು. ಎದುರಿಗೆ ದಬ್ಬಳ ಎಂಬುವಳು ದಾರಕ್ಕೆ ಮೇಣ ಸವರುತ್ತಿದ್ದಳು. ಇಬ್ಬರೂ ಮಾತಾಡುತ್ತಿರಲಿಲ್ಲ. ಜಗಳವೇನಿಲ್ಲ, ಆ ಬೈಂಡಿಂಗ್ ಅಂಗಡಿಯಲ್ಲಿ ಬೆಳಗಿನ ಕೆಲಸ ನಡೆಯುತ್ತಿದ್ದದ್ದೇ ಹಾಗೆ.

ಈ ಹೆಸರುಗಳನ್ನಿಟ್ಟದ್ದು ಬೀದಿಯವರು. ನಾಲಿಗೆ ಚೂಪು ಅಂತ ಒಬ್ಬಳು ದಬ್ಬಳ. ಅವಳ ಪಕ್ಕ ಬಿಟ್ಟು ಕದಲುವುದಿಲ್ಲ, ಬಾಯಿಯನ್ನೂ ಬಿಡುವುದಿಲ್ಲ ಅಂತ ಇನ್ನೊಬ್ಬಳು ಗೋಂದು. ಗೇಲಿಗೆ ಇಟ್ಟ ಹೆಸರುಗಳನ್ನೇ ಇಬ್ಬರೂ ಅಂಗಡಿಯ ಬೋರ್ಡಿನ ಮೇಲೆ ಬರೆಸಿಬಿಟ್ಟಿದ್ದರು. ಒಂಬತ್ತು ವರ್ಷದಿಂದ ಒಂದೇ ಮನೆ, ಒಂದೇ ಒಲೆ. ದಬ್ಬಳದ ತಾಯಿಯನ್ನು ಗೋಂದು ಅತ್ತೆ ಎಂದೇ ಕರೆಯುತ್ತಿದ್ದಳು. ಮುದುಕಿ ಮೊದಲ ವರ್ಷ ಓಗೊಡಲಿಲ್ಲ. ಎರಡನೆಯ ವರ್ಷ ಸಾರಿಗೆ ಉಪ್ಪು ಜಾಸ್ತಿಯಾಯಿತೆಂದು ಬೈದಳು. ಅಲ್ಲಿಗೆ ಸೊಸೆಯೆಂದು ಒಪ್ಪಿದ ಹಾಗಾಯಿತು.

ಒಪ್ಪದೆ ಉಳಿದದ್ದು ಮದುವೆ ನೋಂದಣಿ ಕಚೇರಿ. ಹೋದ ತಿಂಗಳು ಇಬ್ಬರೂ ಅಲ್ಲಿ ಅರ್ಜಿ ಕೊಟ್ಟಿದ್ದರು. ಹೊಸದಾಗಿ ಸೇರಿದ್ದ ಗುಮಾಸ್ತ ಸರಿಯಾಗಿ ನೋಡದೆ, ಬಂದ ಅರ್ಜಿಗಳನ್ನು ದಾಖಲಿಸುವ ಆವಕ ಪುಸ್ತಕದಲ್ಲಿ ಇನ್ನೂರ ಇಪ್ಪತ್ತೊಂಬತ್ತನೆಯ ಸಾಲಿಗೆ ಇಬ್ಬರ ಹೆಸರನ್ನೂ ಬರೆದುಕೊಂಡ. ಅಷ್ಟರಲ್ಲಿ ಅಧಿಕಾರಿ ಬಂದು ಅರ್ಜಿ ಓದಿ, ಹೆಂಗಸಿಗೂ ಹೆಂಗಸಿಗೂ ಮದುವೆ ಇಲ್ಲಿ ನಡೆಯುವುದಿಲ್ಲ ಎಂದು ಅದನ್ನು ಹಿಂದಕ್ಕೆ ತಳ್ಳಿದ. ಆ ಮಾತನ್ನೇ ಬರೆದುಕೊಡಿ ಎಂದರೆ ಅದಕ್ಕೂ ಒಪ್ಪಲಿಲ್ಲ. ವಕೀಲರು ಕೈಚೆಲ್ಲಿದ್ದರು. ಕೋರ್ಟಿಗೆ ಹೋಗಬೇಕಾದರೆ ಅರ್ಜಿ ನಿರಾಕರಿಸಿದೆ ಎಂದು ಕಚೇರಿಯೇ ಬರೆದುಕೊಟ್ಟ ಕಾಗದ ಬೇಕು, ಇಲ್ಲದಿದ್ದರೆ ನೀವು ಕಚೇರಿಗೆ ಬಂದೇ ಇರಲಿಲ್ಲ ಅಂದುಬಿಡುತ್ತಾರೆ ಎಂದಿದ್ದರು.

ಚಾಕು ನಿಂತಿತು. ಪುಸ್ತಕದಿಂದ ಒಂದು ಹಾಳೆ ಜಾರಿ ಗೋಂದುವಿನ ಮಡಿಲಿಗೆ ಬಿದ್ದಿತ್ತು. ಅವಳು ಪುಸ್ತಕ ತಿರುಗಿಸಿ ಮೊದಲ ಬಾರಿಗೆ ಒಳಗಿನ ಬರಹ ನೋಡಿದಳು. ಅದೇ ಆವಕ ಪುಸ್ತಕ. ಹಾಳೆ ಕಳಚುತ್ತಿದೆಯೆಂದು ಕಚೇರಿಯ ಜವಾನ ನಿನ್ನೆ ತಂದು ಹಾಕಿ ಹೋಗಿದ್ದ. ಅವನು ಯಾವ ಅಂಗಡಿಗೆ ಒಯ್ಯುತ್ತಾನೆಂದು ಅಧಿಕಾರಿಗೆ ಗೊತ್ತಿರಲಿಲ್ಲ. ಒಳಗೆ ಏನಾಗಿದೆಯೆಂದು ಜವಾನನಿಗೆ ಗೊತ್ತಿರಲಿಲ್ಲ.

ಹೊಲಿದ ಪುಸ್ತಕದಲ್ಲಿ ಯಾವ ಹಾಳೆಯೂ ಒಂಟಿಯಲ್ಲ. ಕಾಗದವನ್ನು ನಡುವೆ ಮಡಚಿ ಹೊಲಿದಿರುತ್ತಾರೆ. ಈ ಕಡೆಯ ಹಾಳೆಗೆ ಆ ಕಡೆ ಒಂದು ಜೋಡಿ. ಒಂದನ್ನು ಹರಿದು ತೆಗೆದರೆ, ಕೆಲವು ದಿನದಲ್ಲಿ ಇನ್ನೊಂದೂ ತಾನಾಗಿ ಕಳಚುತ್ತದೆ. ಬಿದ್ದದ್ದು ಐವತ್ತಮೂರನೆಯ ಪುಟ. ಗೋಂದು ಎಣಿಸುತ್ತ ಹಿಂದಕ್ಕೆ ಹೋದಳು. ನಲವತ್ತೆರಡರ ಮುಂದೆ ನಲವತ್ತೈದಿತ್ತು. ಅರ್ಜಿಗಳ ಸಂಖ್ಯೆ ಇನ್ನೂರ ಹನ್ನೆರಡರಿಂದ ಇನ್ನೂರ ಮೂವತ್ತಕ್ಕೆ ಹಾರಿತ್ತು.

"ಹದಿನೇಳು ಅರ್ಜಿ ಮಾಯ," ಎಂದಳು. "ನಮ್ದು ಕೊನೇದು."

"ನಮ್ಮ ಒಂದು ಸಾಲಿಗೆ ಇನ್ನೂ ಹದಿನಾರು ಜೋಡಿ ಬಲಿಯಾ?" ದಬ್ಬಳ ದಾರ ಕೆಳಗಿಟ್ಟಳು. "ಎದ್ದೇಳು. ಹೊಲಿಯೋದು ಬೇಡ, ಹೀಗೇ ತಗೊಂಡ್ ಹೋಗೋಣ."

ಅಂಗಡಿಯ ಮೂಲೆಯಲ್ಲಿ ಕೂತಿದ್ದ ಅತ್ತೆಯೂ ಎದ್ದು ಚಪ್ಪಲಿ ಮೆಟ್ಟಿದಳು. ಬೇಡ, ಮಂಡಿ ನೋವು ಎಂದು ಇಬ್ಬರೂ ಹೇಳಿದರು. ನೋವಿರುವುದು ಮಂಡಿಗೆ, ಬಾಯಿಗಲ್ಲ ಎಂದು ಮುದುಕಿ ಮುಂದೆ ನಡೆದಳು.

ಕಚೇರಿಯ ಬೆಂಚುಗಳು ತುಂಬಿದ್ದವು. ಅಧಿಕಾರಿ ಪುಸ್ತಕ ನೋಡಿ ಕೈ ಚಾಚಿದ. ದಬ್ಬಳ ಕೊಡಲಿಲ್ಲ, ಮೇಜಿನ ಮೇಲೆ ಬಿಡಿಸಿ, ಹರಿದ ಅಂಚಿನ ಮೇಲೆ ಬೆರಳಿಟ್ಟಳು.

"ಬೈಂಡಿಂಗ್ ಮಾಡೋಕೆ ಕೊಟ್ಟಿದ್ದು, ಓದೋಕಲ್ಲ," ಎಂದ ಅಧಿಕಾರಿ.

"ಓದ್ಲಿಲ್ಲ ಸಾರ್, ಎಣಿಸಿದ್ವಿ," ಎಂದಳು ದಬ್ಬಳ.

ಈ ಮುದುಕಿ ಯಾರೆಂದು ಅವನು ರೇಗಿದ. ತಾನು ಇವಳ ತಾಯಿ, ಇವಳ ಅತ್ತೆ ಎಂದು ಅವಳು ಒಬ್ಬೊಬ್ಬರನ್ನೇ ತೋರಿಸಿ ಹೇಳಿದಳು. ಗುಮಾಸ್ತನಿಗೆ ನಗು ಬಂತು. ಕೆಮ್ಮಿದ ಹಾಗೆ ಮಾಡಿ ನುಂಗಿಕೊಂಡ. ಆಗ ಅಧಿಕಾರಿ ದನಿ ಏರಿಸಿ, ಹಾಳೆಯನ್ನು ಅಂಗಡಿಯಲ್ಲೇ ಹರಿದಿದ್ದೀರಿ, ಪೊಲೀಸರನ್ನು ಕರೆಸುತ್ತೇನೆ ಎಂದ.

ಗೋಂದು ಮೇಜಿನ ಹತ್ತಿರ ಬಂದಳು. ಅಪರಿಚಿತರ ಮುಂದೆ ಅವಳು ಹೆಸರು ಹೇಳಲೂ ಹೆದರುವವಳು. ಆದರೆ ಅವನು ಆಡಿದ್ದು ಅವಳ ಕಸುಬಿನ ಮೇಲಿನ ಮಾತು.

"ನಾವು ತೆಗೆದ್ರೆ ದಾರ ಬಿಚ್ಚಿ ತೆಗೀತೀವಿ," ಎಂದಳು. "ಹೀಗೆ ಹರಿಯಲ್ಲ. ಕರೆಸಿ ಪೊಲೀಸರನ್ನ. ಅವರೂ ನೋಡ್ಲಿ."

ಬೆಂಚಿನಿಂದ ಒಬ್ಬ ಡ್ರೈವರ್ ಎದ್ದು ಬಂದು, ಕಾಣೆಯಾದ ಸಂಖ್ಯೆಗಳು ಯಾವುವೆಂದು ವಿಚಾರಿಸಿದ. ಅವನ ಅರ್ಜಿ ದಾಖಲಾಗಿಯೇ ಇಲ್ಲವೆಂದು ಎರಡು ಸಲ ವಾಪಸು ಕಳಿಸಿದ್ದರಂತೆ. ಅರ್ಜಿ ಕೊಟ್ಟ ದಿನ ಸಿಕ್ಕಿದ್ದ ಚೀಟಿ ತೆಗೆದು ತೋರಿಸಿದ: ಇನ್ನೂರ ಇಪ್ಪತ್ತು. ಅವನ ಹಿಂದೆ ಅವನನ್ನು ಮದುವೆಯಾಗಬೇಕಿದ್ದ ಹುಡುಗಿಯೂ ಬಂದು ನಿಂತಳು.

ಅಧಿಕಾರಿ ದನಿ ತಗ್ಗಿಸಿದ. ಡ್ರೈವರನ ಅರ್ಜಿಯನ್ನು ಈಗಲೇ ದಾಖಲಿಸುವುದಾಗಿ ಹೇಳಿದ. ನೀವಿಬ್ಬರು ಪುಸ್ತಕ ಬಿಟ್ಟು ಸುಮ್ಮನೆ ಹೊರಡಿ, ಯಾರಿಗೂ ತೊಂದರೆ ಬೇಡ ಎಂದ. ದಬ್ಬಳ ಏನೋ ಹೇಳಲು ಬಾಯಿ ತೆರೆದಳು. ಗೋಂದು ಅವಳ ತೋಳು ಹಿಡಿದು ತಡೆದಳು. ಪುಸ್ತಕ ಮುಚ್ಚಿ ಎದೆಗೊತ್ತಿಕೊಂಡು, ಚೀಲದಿಂದ ತಮ್ಮಿಬ್ಬರ ಅರ್ಜಿ ತೆಗೆದು ಅವನ ಮುಂದಿಟ್ಟು, ಪಕ್ಕದಲ್ಲಿ ಒಂದು ಖಾಲಿ ಹಾಳೆ ಇಟ್ಟಳು. ಅಧಿಕಾರಿ ಗುಮಾಸ್ತನನ್ನು ನೋಡಿದ, ಗುಮಾಸ್ತ ಕಿಟಕಿಯನ್ನು ನೋಡಿದ.

"ಆಗಲ್ಲ ಅಂತಾನೇ ಬರೀರಿ ಸಾರ್," ಎಂದಳು ಗೋಂದು. "ಬರೆದು, ಕೆಳಗೆ ನಿಮ್ಮ ಸಹಿ ಹಾಕಿಕೊಡಿ."