ಮೇಳವಿಲ್ಲದೆ ನಡೆಯದ ಮಲ್ಲಿ

ತಮಿಳುನಾಡಿನ ಕುನ್ನತ್ತೂರಿನ ಆಚೆ, ತನ್ನ ತೆಂಗಿನ ತೋಟದಲ್ಲಿ ಗೋಪಾಲಕೃಷ್ಣ ಕುದುರೆ ಸವಾರಿ ಕಲಿಸುತ್ತಿದ್ದ. ಬಂದವರ ಮುಖ ನೋಡಿದ ಕೂಡಲೇ ಇವರಿಗೆ ಇಂಥ ಕುದುರೆಯೇ ಸರಿ ಎಂದು ತನಗೆ ಹೊಳೆದುಬಿಡುತ್ತದೆ ಎನ್ನುವುದು ಅವನ ಜಂಬ. ಹೆಂಡತಿ ಭಾಮಾ ಮದುವೆಯಾದಾಗಿನಿಂದ ಆ ಜಂಬಕ್ಕೆ ನಗುತ್ತಲೇ ಬಂದಿದ್ದಳು.

ಆ ಭಾನುವಾರ ಅವನು ಬೆಳಿಗ್ಗೆಯಿಂದ ಸಿಡಿಮಿಡಿಗುಟ್ಟುತ್ತಿದ್ದ. ಬಿಳಿ ಕುದುರೆ ಮಲ್ಲಿಯನ್ನು ತನ್ನ ಇಟ್ಟಿಗೆ ಗೂಡಿಗೆ ಒಯ್ಯಲು ದಂಡಪಾಣಿ ವ್ಯಾನ್ ತರುವವನಿದ್ದ. ಮಲ್ಲಿ ಮದುವೆ ಕುದುರೆ. ಮದುಮಗನನ್ನು ಕೂರಿಸಿಕೊಂಡು, ವಾದ್ಯಮೇಳದ ಹಿಂದೆ ಮಂಟಪದವರೆಗೆ ನಡೆಯುವುದೇ ಅದರ ಕೆಲಸ. ಈಗಿನ ಮದುಮಕ್ಕಳಿಗೆ ತೆರೆದ ಜೀಪು ಬೇಕು. ಸವಾರಿ ಕಲಿಸೋಣವೆಂದರೆ, ಮೇಳ ಕೇಳದೆ ಅದು ಹೆಜ್ಜೆ ಎತ್ತುವುದಿಲ್ಲ. ನಿನ್ನೆ ಎಷ್ಟು ಎಳೆದರೂ ಅಲುಗದೆ ನಿಂತಾಗ ಗೋಪಾಲಕೃಷ್ಣ ಸಿಟ್ಟಿನಲ್ಲಿ ದಂಡಪಾಣಿಗೆ ಫೋನ್ ಮಾಡಿ, “ಬಂದು ತಗೊಂಡು ಹೋಗು” ಎಂದುಬಿಟ್ಟಿದ್ದ. ಈಗ ಅದರ ಬಾಲ ಬಾಚುತ್ತಾ ನಿಂತಿದ್ದ.

“ಇಟ್ಟಿಗೆ ಹೊರೋ ಕುದುರೆಗೆ ಬಾಲ ಯಾಕೆ ಬಾಚ್ತೀರಿ? ಹಂಗೇ ಹೂವೂ ಮುಡಿಸಿಬಿಡಿ,” ಎಂದಳು ಭಾಮಾ.

“ಬಾಯಿ ಮುಚ್ಚು. ಕೊಡ್ತೀನಿ ಅಂದಾಗಿದೆ. ಮಾತು ಅಂದ್ರೆ ಮಾತು.”

ಅಷ್ಟರಲ್ಲಿ ಕಾರೊಂದು ಬಂತು. ಕೊಯಮತ್ತೂರಿನ ಕಣ್ಣಿನ ಡಾಕ್ಟರು ಅರವಿಂದ್, ಜೊತೆಗೆ ಮಗಳು ಅಭಿನಯಾ, ಎಂಟನೇ ಕ್ಲಾಸು. ಗೋಪಾಲಕೃಷ್ಣನ ಮನೆಯಂತೆ ಅವರ ಮನೆಯಲ್ಲೂ ಕನ್ನಡವೇ.

“ಬೇರೆ ಕಡೆ ಕಲಿಯೋಕೆ ಹೋಗಿ ಬಿದ್ದುಬಿಟ್ಳು ಅಣ್ಣಾ. ಮತ್ತೆ ಹತ್ತಬೇಕು ಅಂತ ಇವಳೇ ಹಟ ಹಿಡಿದ್ಳು. ಅವಿನಾಶಿ ದಾಟಿದ್ಮೇಲೆ ಬೇಡ ಅಂತ ಶುರುಮಾಡಿದಾಳೆ,” ಎಂದರು ಡಾಕ್ಟರು.

ಗೋಪಾಲಕೃಷ್ಣ ಹುಡುಗಿಯ ಮುಖವನ್ನು ದಿಟ್ಟಿಸಿದ. “ಹೆದರೋ ಮಗೂಗೆ ಧೈರ್ಯದ ಕುದುರೆ ಬೇಕು. ಸೂರ್ಯ!” ಎಂದ.

ಸೂರ್ಯ ರೇಕ್ಲಾ ಪಂದ್ಯದಲ್ಲಿ ಗಾಡಿ ಎಳೆದು ಓಡಿದ ಕುದುರೆ. ಅಭಿನಯಾ ಬೆನ್ನ ಮೇಲೆ ಕೂತದ್ದೇ ತಡ, ಪಂದ್ಯ ಶುರುವಾಯಿತೆಂದು ಅದು ಕಾಲು ಕೆರೆಯಿತು. ಹುಡುಗಿ ಅದರ ಕುತ್ತಿಗೆಯನ್ನು ತಬ್ಬಿ “ಅಪ್ಪಾ!” ಎಂದು ಕಿರುಚಿದಳು. ಇಳಿಸಿ, ಇನ್ನೊಂದು ಕುದುರೆ ರಾಜನ ಮೇಲೆ ಕೂರಿಸಲು ಕರೆತಂದದ್ದಾಯಿತು. ರಾಜ ಆಕಳಿಸಿತು. ಅದರ ಹಲ್ಲುಗಳನ್ನು ಕಂಡು ಅಭಿನಯಾ ಹತ್ತುವ ಮೊದಲೇ ಹಿಂದೆ ಸರಿದಳು.

“ಮುಖ ನೋಡಿದ ಕೂಡ್ಲೆ ಹೊಳೆಯುತ್ತಲ್ಲಾ, ಈ ಸಲ ಯಾರ ಮುಖ ನೋಡಿದ್ರಿ? ಡಾಕ್ಟ್ರದ್ದಾ?” ಎಂದಳು ಭಾಮಾ.

ಗೋಪಾಲಕೃಷ್ಣನ ಮೂಗು ಕೆಂಪಾಯಿತು. ಅಭಿನಯಾ ಮಾತ್ರ ಮಲ್ಲಿಯನ್ನೇ ನೋಡುತ್ತಿದ್ದಳು.

“ಇದು ಯಾಕೆ ಮಾಮಾ ಅಲ್ಲಾಡೋದೇ ಇಲ್ಲ?”

“ಅದು ಕುದುರೆ ಅಲ್ಲಮ್ಮ, ಕಲ್ಲು. ನಿಂತಿರೋದೇ ಅದರ ಕೆಲಸ.”

“ನಿಂತೇ ಇರುತ್ತೆ ಅಂದ್ರೆ ನಾನು ಕೂತ್ಕೋತೀನಿ.”

ಕೂರಿಸಿದರು. ಹುಡುಗಿಯ ಮೊಣಕಾಲುಗಳು ಗಡಗಡ ನಡುಗುತ್ತಿದ್ದವು. ಮಲ್ಲಿ ನಿದ್ದೆಗಣ್ಣಲ್ಲಿ ಹಾಗೇ ನಿಂತಿತ್ತು.

“ನೋಡಿ,” ಎಂದಳು ಭಾಮಾ. “ಮಲ್ಲಿ ಮೇಲೆ ಇಷ್ಟು ವರ್ಷ ಕೂತವರಲ್ಲಿ ನಡುಗದೋರು ಯಾರಿದ್ರು? ಜನ್ಮದಲ್ಲಿ ಕುದುರೆ ಹತ್ತದ ಮದುವೆ ಮಾಪಿಳ್ಳೆಗಳೇ ಎಲ್ಲಾ. ನಿಮ್ಮ ತಮ್ಮ ತಿರುಮೂರ್ತಿ ದಾರಿ ಪೂರ್ತಿ ಕಣ್ಣು ಮುಚ್ಕೊಂಡು ಮುರುಗಾ ಮುರುಗಾ ಅಂತಿದ್ದ. ನೀವಾದ್ರೂ ಏನು? ಮಲ್ಲಿಯ ತಾಯಿ ಮೇಲೆ ಕೂತು ನಮ್ಮ ಮದುವೆಗೆ ಬಂದಾಗ ಪೇಟ ನಡುಗ್ತಿದ್ದದ್ದು ನಾನು ಕಿಟಕಿಯಿಂದ ನೋಡಿದೀನಿ.”

“ಅದು ಗಾಳಿಗೆ.”

“ಮೇ ತಿಂಗಳಲ್ಲಿ?”

ಗೋಪಾಲಕೃಷ್ಣ ಮಲ್ಲಿಯತ್ತ ತಿರುಗಿದ. ಆಗ ಅವನಿಗೆ ಹೊಳೆಯಿತು. ಓಡಲಾರದ್ದೆಂದು ತಾನು ಬಯ್ಯುತ್ತಿದ್ದ ಈ ಕುದುರೆ ಹುಟ್ಟಿದಾಗಿನಿಂದ ಹೆದರಿದವರನ್ನು ಮಾತ್ರ ಹೊತ್ತಿದೆ. ಒಬ್ಬನನ್ನೂ ಬೀಳಿಸಿಲ್ಲ.

“ಮಗೂ, ನಡೆಸ್ಲಾ?” ಎಂದು ಮೆಲ್ಲಗೆ ಕೇಳಿದ.

ಅಭಿನಯಾ ಕಣ್ಣು ಬಿಗಿಯಾಗಿ ಮುಚ್ಚಿ ಹೂಂ ಎಂದು ತಲೆಯಾಡಿಸಿದಳು. ಡಾಕ್ಟರು ಫೋನಿನಲ್ಲಿ ನಾದಸ್ವರ ಹಾಕಿದರು. ಮಲ್ಲಿ ಕಿವಿಯನ್ನೂ ಅಲ್ಲಾಡಿಸಲಿಲ್ಲ. ಭಾಮಾ ಒಳಗಿಂದ ಪ್ಲಾಸ್ಟಿಕ್ ಕೊಡವೊಂದನ್ನು ತಂದು ಗಂಡನ ಕೈಗಿತ್ತಳು.

“ನಾನಾ?”

“ಇನ್ನೇನು, ಡಾಕ್ಟ್ರು ಹೊಡೀಬೇಕಾ?”

ಗೋಪಾಲಕೃಷ್ಣ ಒಮ್ಮೆ ರಸ್ತೆಯತ್ತ ನೋಡಿದ. ಯಾರೂ ಇಲ್ಲ. ಕೊಡವನ್ನು ಕಂಕುಳಲ್ಲಿ ಇಟ್ಟುಕೊಂಡು ಡಂಡಣಕ ಬಾರಿಸುತ್ತಾ, ಬಾಯಲ್ಲಿ ಪೀಪೀ ಎನ್ನುತ್ತಾ ಮುಂದೆ ನಡೆದ. ಮಲ್ಲಿ ತಲೆ ಎತ್ತಿತು. ಕತ್ತು ಕೊಂಕಿಸಿ, ಮೆರವಣಿಗೆಯ ಹೆಜ್ಜೆ ಹಾಕಿತು. ಬೇಲಿಯ ತಿರುವಿನ ಹೊತ್ತಿಗೆ ಹುಡುಗಿ ಒಂದು ಕಣ್ಣು ತೆರೆದಳು. ಮುಂದೆ ಕುಣಿಯುತ್ತಿದ್ದ ಮಾಮನ ಬೆನ್ನು ಕಂಡು ಇನ್ನೊಂದನ್ನೂ ತೆರೆದಳು. ಆಮೇಲೆ ನಗು ತಡೆಯಲಾಗಲಿಲ್ಲ. ಮೊಣಕಾಲುಗಳು ನಡುಗುವುದನ್ನು ಮರೆತವು.

ಉಸಿರು ಕಟ್ಟಿ ಗೋಪಾಲಕೃಷ್ಣ ನಿಂತ. ಮಲ್ಲಿ ನಿಲ್ಲಲಿಲ್ಲ, ಅವನನ್ನು ದಾಟಿ ಮುಂದೆ ಹೋಯಿತು.

“ಅಣ್ಣಾ, ನಿಲ್ಸಿ!” ಎಂದರು ಡಾಕ್ಟರು.

“ಮಂಟಪ ಬರದೆ ಅದು ಹೆಂಗೆ ನಿಲ್ಲುತ್ತೆ?” ಎನ್ನುತ್ತಾ ಭಾಮಾ ಆರತಿ ತಟ್ಟೆ ಹಿಡಿದು ಬಾಗಿಲಿಗೆ ಬಂದಳು. ತಟ್ಟೆ ಕಂಡದ್ದೇ ಮಲ್ಲಿ ಗಕ್ಕನೆ ನಿಂತು ತಲೆ ಬಗ್ಗಿಸಿತು. ಭಾಮಾ ಅಭಿನಯಾಳಿಗೂ ಕುದುರೆಗೂ ಆರತಿ ಎತ್ತಿ ಕುಂಕುಮ ಇಟ್ಟಳು.

ಆಗಲೇ ಗೇಟಿನಲ್ಲಿ ವ್ಯಾನ್ ನಿಂತಿತು. ದಂಡಪಾಣಿ ತಲೆ ಹೊರಗೆ ಹಾಕಿ ಯಾರಿಗೆ ಮದುವೆ ಎಂದು ತಮಿಳಿನಲ್ಲಿ ಕೇಳಿದ. “ಯಾರುಕ್ಕುಂಗಣ್ಣಾ ಕಲ್ಯಾಣಂ?”

ಗೋಪಾಲಕೃಷ್ಣ ಕೊಡವನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡ. “ಕುದಿರೈ ಇಲ್ಲಪ್ಪಾ. ಬುಕ್ ಆಗೋಯ್ತು. ಪ್ರತಿ ಭಾನುವಾರ.”

“ನೀವೇ ಅಲ್ಲವಾ ನಿನ್ನೆ ಫೋನಲ್ಲಿ...” ಎಂದು ದಂಡಪಾಣಿ ತಮಿಳಿನಲ್ಲಿ ಶುರುಮಾಡಿದ.

“ಕೋಪದಲ್ಲಿ ಅಂದೆ! ನನ್ನ ಕೋಪ ನಿನಗೆ ಗೊತ್ತಿಲ್ವಾ? ಇಳಿದು ಬಾ, ಕಾಫಿ ಕುಡ್ಕೊಂಡು ಹೋಗು.”

“ಮಾತು ಅಂದ್ರೆ ಮಾತು,” ಎಂದು ಭಾಮಾ ಮಲ್ಲಿಯ ಕಿವಿಯಲ್ಲಿ, ಎಲ್ಲರಿಗೂ ಕೇಳುವಂತೆ ಹೇಳಿದಳು.

ಅಭಿನಯಾ ಇನ್ನೂ ಇಳಿದಿರಲಿಲ್ಲ. “ಮುಂದಿನ ವಾರಾನೂ ಬರ್ತೀನಿ ಮಾಮಾ. ಆದ್ರೆ ಮೇಳ ನೀವೇ ಹೊಡೀಬೇಕು.”

ಗೋಪಾಲಕೃಷ್ಣ ಅವಳನ್ನು ದುರುಗುಟ್ಟಿ ನೋಡಿದ. ಕಾಫಿಗೆ ನೀರು ಬೇಕೆಂದು ಭಾಮಾ ಕೊಡಕ್ಕೆ ಕೈಚಾಚಿದಾಗ ಮಾತ್ರ ಅದನ್ನು ಅವಚಿಕೊಂಡು, “ಇದು ಲಾಯದ್ದು. ನೀನು ಬೇರೆ ತಗೋ,” ಎಂದ.